ಕೇಸ್ ಶೀಟಿನಲ್ಲಿ ಆರು ಸಲ 140 ಎಂದು ಬರೆದಿದೆ. ಆ ಮೂರು ಗಂಟೆಯ ಲೆಕ್ಕ ಕೇಳುವವರು ಯಾರು?

ಹೇಮೆಯ ದಂಡೆ (ಚರ್ಚೆ ಆರಂಭಿಸಿದವರು)

ನನ್ನ ತಂಗಿಯದು ಚೊಚ್ಚಲ ಬಸಿರು. ಸೀಮಂತ ಮುಗಿಸಿ ವಾಡಿಕೆಯಂತೆ ತವರಿಗೆ ಕರೆತಂದಿದ್ದೆವು. 39 ವಾರ ತುಂಬಿತ್ತು. ಬಿಪಿ ಇರಲಿಲ್ಲ, ಸಕ್ಕರೆ ಇರಲಿಲ್ಲ, ಸ್ಕ್ಯಾನಿಂಗ್ ಎಲ್ಲವೂ ಸರಿಯಿತ್ತು. ರಾತ್ರಿ ಹನ್ನೊಂದಕ್ಕೆ ನೋವು ಕಾಣಿಸಿಕೊಂಡಿತು, ಹನ್ನೆರಡೂವರೆಗೆ ಆಸ್ಪತ್ರೆಯಲ್ಲಿದ್ದೆವು. 1:30ಕ್ಕೆ ಸಿಸ್ಟರ್ ಒಬ್ಬರು ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರವನ್ನು ಹೊಟ್ಟೆಯ ಮೇಲೆ ಇಟ್ಟಾಗ ಕುದುರೆ ಓಡಿದಂತೆ ಸದ್ದು ಬಂತಂತೆ. ತಂಗಿ ಅದನ್ನು ಈಗಲೂ ಹೇಳುತ್ತಾಳೆ. ಆಮೇಲೆ 4:45ರ ತನಕ ಯಾರೂ ಆ ಯಂತ್ರ ಹಿಡಿದು ಬರಲಿಲ್ಲ. ನಡುವೆ ಒಮ್ಮೆ ಡ್ರಿಪ್ ಬಾಟಲಿ ಬದಲಿಸಿದರು, ಅಷ್ಟೇ. 5:10ಕ್ಕೆ ಹೆರಿಗೆಯಾಯಿತು. ಹೆಣ್ಣು ಮಗು, 2 ಕೆಜಿ 900 ಗ್ರಾಂ. ಅಳಲಿಲ್ಲ.

ಬಿಡುಗಡೆ ಪತ್ರದಲ್ಲಿ ಕಾರಣ ಎಂಬಲ್ಲಿ ಒಂದೇ ಮಾತು ಇದೆ: ಹೆರಿಗೆ ವೇಳೆ ಉಸಿರುಗಟ್ಟಿದ್ದು. ತಂಗಿಯ ಗಂಡ ಅರ್ಜಿ ಕೊಟ್ಟು ಕೇಸ್ ಶೀಟಿನ ನಕಲು ತಂದರು. ಅದರಲ್ಲಿ ಮಗುವಿನ ಎದೆಬಡಿತದ ಕಾಲಂ ಇದೆ. 2:00, 2:30, 3:00, 3:30, 4:00, 4:30. ಆರೂ ಕಡೆ 140. ಒಂದೇ ಶಾಯಿ, ಒಂದೇ ಓರೆ. ಸೊನ್ನೆಗಳು ದಾರಕ್ಕೆ ಪೋಣಿಸಿದ ಹಾಗೆ ಒಂದರ ಕೆಳಗೊಂದು ಇವೆ.

ಹತ್ತು ದಿನಕ್ಕೆ ಆಶಾ ಕಾರ್ಯಕರ್ತೆ ಫಾರಂ ಹಿಡಿದು ಹೋದದ್ದು ಗಂಡನ ಊರಿಗೆ. ಅತ್ತೆಗೆ ತಿಳಿದಷ್ಟನ್ನು ಬರೆದುಕೊಂಡು ಬಂದರಂತೆ. ಹೆತ್ತವಳು ಇಲ್ಲಿ, ವಿಚಾರಣೆ ಅಲ್ಲಿ.

ಇಂತಹ ಸಾವನ್ನು ಯಾರಾದರೂ ಪರಿಶೀಲಿಸುತ್ತಾರೆಯೇ? ಹೆತ್ತವಳ ಮಾತಿಗೆ ಅಲ್ಲಿ ಜಾಗ ಇದೆಯೇ? ಯಾರನ್ನಾದರೂ ಜೈಲಿಗೆ ಕಳಿಸಬೇಕೆಂಬ ಆಸೆ ನಮಗಿಲ್ಲ. ಆ ಮೂರು ಗಂಟೆಯಲ್ಲಿ ಏನಾಯಿತು ಎಂದು ತಿಳಿಯಬೇಕು.

ಕಾಫಿ ಕಣ

ಓದಿ ಎದೆ ಭಾರವಾಯಿತು. ತಂಗಿಯನ್ನು ಒಬ್ಬಳೇ ಇರಲು ಬಿಡಬೇಡಿ. ಗೊತ್ತಿರುವವರು ದಯವಿಟ್ಟು ಉತ್ತರ ಕೊಡಿ.

ತಾಲ್ಲೂಕು ಡಾಕ್ಟರು

ವ್ಯವಸ್ಥೆ ಕಾಗದದಲ್ಲಿ ಹೇಗಿದೆ ಎಂಬುದನ್ನು ಮೊದಲು ಹೇಳುತ್ತೇನೆ. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಕ್ಕಳ ಸಾವಿನ ಪರಿಶೀಲನೆಗೆ ಮಾರ್ಗಸೂಚಿ ಹೊರಡಿಸಿತು. ಐದು ವರ್ಷದೊಳಗಿನ ಮಗು ತೀರಿಕೊಂಡರೆ ಆಶಾ ತಿಳಿಸಬೇಕು, ಎಎನ್‌ಎಂ (ಉಪಕೇಂದ್ರದ ದಾದಿ) ಮನೆಗೆ ಹೋಗಿ ವಿವರ ಬರೆಯಬೇಕು, ಆಯ್ದ ಪ್ರಕರಣಗಳಲ್ಲಿ ಆಳವಾದ ವಿಚಾರಣೆ ಆಗಬೇಕು, ಕೊನೆಗೆ ಜಿಲ್ಲಾ ಸಮಿತಿ ಕುಳಿತು ನೋಡಬೇಕು. ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯೊಳಗೂ ಪರಿಶೀಲನೆ ನಡೆಯಬೇಕು. ಹುಟ್ಟುವಾಗಲೇ ಜೀವವಿಲ್ಲದ ಮಗು ಈ ಲೆಕ್ಕದಿಂದ ಜಾರಿಹೋಗುತ್ತಿತ್ತು. ಅದಕ್ಕಾಗಿ 2016ರಲ್ಲಿ ಬೇರೆಯೇ ಮಾರ್ಗಸೂಚಿ ಬಂತು, ಅದೂ ಆಯ್ದ ಆಸ್ಪತ್ರೆಗಳಲ್ಲಿ ನಿಗಾ ಇಡುವುದಕ್ಕೆ.

ತಾಯಿಯ ಸಾವಿಗೆ ಇದಕ್ಕಿಂತ ಗಟ್ಟಿ ಕ್ರಮವಿದೆ. ಜಿಲ್ಲಾಧಿಕಾರಿಯ ಮುಂದೆ ಕುಟುಂಬದವರನ್ನೇ ಕರೆಸಿ ಕೇಳಬೇಕೆಂದು ಅದರಲ್ಲಿದೆ. ಮಗುವಿನ ವಿಷಯದಲ್ಲಿ ಹೆತ್ತವಳನ್ನು ಎದುರು ಕೂರಿಸಿಕೊಂಡು ಕೇಳಿದ ಸಭೆಯನ್ನು ನನ್ನ ಸೇವೆಯಲ್ಲಿ ನಾನು ಕಂಡದ್ದು ಒಂದೇ ಸಲ.

‘ಉಸಿರುಗಟ್ಟಿದ್ದು’ ಎಂಬುದನ್ನು ಕಾರಣ ಎಂದು ಒಪ್ಪಬೇಡಿ. ಅದು ಕೊನೆಯ ಘಟನೆ, ಕಾರಣ ಅದರ ಹಿಂದಿರುತ್ತದೆ. ಹೊಕ್ಕುಳಬಳ್ಳಿ ಜಾರಿತೇ, ಮಾಸು ಬಿಟ್ಟುಕೊಂಡಿತೇ, ದಾರಿ ಇಕ್ಕಟ್ಟಾಗಿ ಹೆರಿಗೆ ನಿಂತುಹೋಯಿತೇ, ನೋವು ಮಿತಿ ಮೀರಿ ಬಂತೇ? ಇನ್ನೊಂದು ವಿಷಯ. ಆ ಡ್ರಿಪ್‌ನಲ್ಲಿ ಏನಿತ್ತು? ಕೇಸ್ ಶೀಟಿನ ಔಷಧಿ ಪುಟ ನೋಡಿ ಹೇಳಿ.

ಅರಳಿಕಟ್ಟೆ

ಹಳೆಯ ಕಾಲದಲ್ಲಿ ಹತ್ತು ಹೆತ್ತರೆ ನಾಲ್ಕು ಹೋಗುತ್ತಿದ್ದವು. ಯಾರೂ ಕೇಸ್ ಶೀಟ್ ಕೇಳಲಿಲ್ಲ. ಋಣ ಇಲ್ಲದ ಮಗು ಎಂದು ಕಣ್ಣೊರೆಸಿಕೊಂಡು ಮುಂದೆ ಹೋದರು. ಗಾಯ ಕೆರೆದರೆ ಮಾಯುವುದಿಲ್ಲ. ತಂಗಿಗೆ ಇನ್ನೊಂದು ಮಗುವಾಗಲಿ ಎಂದು ಹಾರೈಸುತ್ತೇನೆ.

ಮೂರನೆಯ ದಿನ

ಅರಳಿಕಟ್ಟೆಯವರೇ, ನಿಮ್ಮ ಹಾರೈಕೆಯಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ನನಗೆ ಗೊತ್ತು. ಆದರೆ ಆ ಮಾತು ಎಲ್ಲಿ ನಾಟುತ್ತದೆ ಎಂದು ಹೇಳಲೇಬೇಕು.

ನನ್ನ ಮಗ 36 ವಾರಕ್ಕೆ ಹೋದ. ಯಾರೂ ತೋರಿಸಲಿಲ್ಲ, ‘ನೋಡಿದರೆ ಮರೆಯುವುದಿಲ್ಲ’ ಎಂದರು. ಬಿಳಿ ಪಂಚೆಯಲ್ಲಿ ಸುತ್ತಿ ಮಾವ ತೆಗೆದುಕೊಂಡು ಹೋದರು, ನನಗೆ ಕಂಡದ್ದು ಪಂಚೆಯ ಹಸಿರು ಅಂಚು. ಮೂರನೆಯ ದಿನ ಬೆಳಿಗ್ಗೆ ಎದೆ ಕಲ್ಲಿನಂತಾಯಿತು, ಹಾಲು ಬಂತು. ಪಕ್ಕದ ಹಾಸಿಗೆಯ ಮಗು ಅತ್ತಾಗಲೆಲ್ಲ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಹೀಗಾಗುತ್ತದೆ ಎಂದು ಒಬ್ಬರೂ ಮೊದಲೇ ಹೇಳಿರಲಿಲ್ಲ. ಆಮೇಲೆ ಎರಡು ಮಕ್ಕಳಾದವು, ಚೆನ್ನಾಗಿದ್ದಾರೆ. ಅವನ ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ. ಅವನು ಹೋಗುವ ಹಿಂದಿನ ಎರಡು ದಿನ ಹೊಟ್ಟೆಯಲ್ಲಿ ಮಿಸುಕಾಟ ಕಡಿಮೆಯಾಗಿತ್ತು. ಅತ್ತೆಗೆ ಹೇಳಿದೆ, ‘ದಿನ ಹತ್ತಿರ ಬಂದಾಗ ಹಾಗೇ’ ಎಂದರು. ಆಸ್ಪತ್ರೆಯಲ್ಲಿ ಹೇಳಿದಾಗ ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಬರೆದಿದ್ದರೆ ಮುಂದೆ ಬರುವ ನೂರು ಹೆಂಗಸರಿಗೆ ‘ಮಿಸುಕಾಟ ಕಡಿಮೆಯಾದರೆ ಅದೇ ದಿನ ಬಾ’ ಎಂದು ಹೇಳಬಹುದಿತ್ತು.

ಅರಳಿಕಟ್ಟೆ

ತಾಯಿ, ಕ್ಷಮಿಸಿ. ನನ್ನ ಹೆಂಡತಿಯೂ ಒಂದು ಕಳೆದುಕೊಂಡಿದ್ದಾಳೆ, 1983ರಲ್ಲಿ. ನಾವು ಆ ಬಗ್ಗೆ ಇಂದಿಗೂ ಮಾತನಾಡಿಲ್ಲ. ನಿಮ್ಮ ಬರಹ ಅವಳಿಗೆ ಓದಿ ಹೇಳಿದೆ.

ರಾತ್ರಿ ಪಾಳಿ

ಹನ್ನೊಂದು ವರ್ಷದಿಂದ ಹೆರಿಗೆ ಕೋಣೆಯಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಹೇಮೆಯ ದಂಡೆಯವರೇ, ಆ 140ನ್ನು ನಾನೂ ಬರೆದಿದ್ದೇನೆ.

ಹೇಗೆಂದು ಕೇಳಿ. ರಾತ್ರಿ ಇಬ್ಬರು ಇರುತ್ತೇವೆ. ಒಬ್ಬರು ಹೆರಿಗೆ ಮಾಡಿಸುತ್ತಿದ್ದರೆ ಇನ್ನೊಬ್ಬರು ಹುಟ್ಟಿದ ಮಗುವನ್ನು ಬೆಚ್ಚಗಿಡುವುದು, ರಕ್ತಸ್ರಾವ ನೋಡುವುದು, ದಾಖಲಾತಿ, 108ಕ್ಕೆ ಫೋನು. ಅತ್ತ ನಾಲ್ವರು ನೋವು ತಿನ್ನುತ್ತಿರುತ್ತಾರೆ. ನಿಯಮದ ಪ್ರಕಾರ ಪ್ರತಿ ಅರ್ಧ ಗಂಟೆಗೆ ಎದೆಬಡಿತ ಕೇಳಬೇಕು, ತಾಯಿ ಮುಕ್ಕಲು ಆರಂಭಿಸಿದ ಮೇಲೆ ಐದೈದು ನಿಮಿಷಕ್ಕೆ. ನಾಲ್ವರಿಗೆ, ಇಬ್ಬರು. ಬೆಳಿಗ್ಗೆ ಆರಕ್ಕೆ ಖಾಲಿ ಕಾಲಂ ಕಂಡರೆ ಮೆಮೊ ಬರುತ್ತದೆ, ತುಂಬಿದ ಕಾಲಂ ಕಂಡರೆ ಯಾರೂ ಏನೂ ಕೇಳುವುದಿಲ್ಲ. ಆಗ ಕೈ 140 ಎಂದು ಬರೆಯುತ್ತದೆ. 110ರಿಂದ 160ರ ನಡುವೆ ಇದ್ದರೆ ಸರಿ ಎಂದು ಪಾಠವಾಗಿದೆ, 140 ಯಾರ ಕಣ್ಣಿಗೂ ಚುಚ್ಚದ ಸಂಖ್ಯೆ.

ನಾನು ಬರೆದ ರಾತ್ರಿ ಮಗು ಉಳಿಯಿತು. ನಿಮ್ಮ ತಂಗಿಯ ರಾತ್ರಿ ಉಳಿಯಲಿಲ್ಲ. ಇಬ್ಬರು ನರ್ಸುಗಳ ನಡುವಿನ ವ್ಯತ್ಯಾಸ ಅಷ್ಟೇ ಇರಬಹುದು. ಇದನ್ನು ಬರೆಯಲು ಮೂರು ಸಲ ಅಳಿಸಿದ್ದೇನೆ.

ನೇರ ಮಾತು

ಇದನ್ನು ಪ್ರಾಮಾಣಿಕತೆ ಎಂದು ಹೊಗಳುವವರು ಈಗ ಸಾಲುಗಟ್ಟಿ ಬರುತ್ತಾರೆ. ನಾನು ಹೊಗಳುವುದಿಲ್ಲ. ಕೇಳದ ಎದೆಬಡಿತವನ್ನು ಕೇಳಿದೆ ಎಂದು ಬರೆಯುವುದು ಸುಳ್ಳು ದಾಖಲೆ. ಬ್ಯಾಂಕಿನಲ್ಲಿ ಹೀಗೆ ಬರೆದರೆ ಕೆಲಸ ಹೋಗುತ್ತದೆ. ಇಲ್ಲಿ ಒಂದು ಜೀವ ಹೋಗಿದೆ. ಆ ಹಾಳೆಯನ್ನು ಪೊಲೀಸರಿಗೆ ಕೊಡಿ.

ಬಯಲುಸೀಮೆ

ನೇರ ಮಾತು ಅವರೇ, ಪೊಲೀಸರಿಗೆ ಕೊಟ್ಟರೆ ಮುಂದಿನ ಸಲ ನರ್ಸುಗಳು 140ರ ಬದಲು 138, 144, 136 ಎಂದು ಬರೆಯುವುದನ್ನು ಕಲಿಯುತ್ತಾರೆ. ಆಗ ಈ ಹಾಳೆಯಿಂದ ಇಷ್ಟೂ ತಿಳಿಯುವುದಿಲ್ಲ.

ನೇರ ಮಾತು

ಹಾಗಾದರೆ ಯಾರೂ ಹೊಣೆಯಲ್ಲವೇ? ‘ವ್ಯವಸ್ಥೆ’ ಎಂಬುದರ ಮುಖ ಎಲ್ಲಿದೆ ಹೇಳಿ, ಅದನ್ನೇ ಕೇಳುತ್ತೇನೆ.

ಹೇಮೆಯ ದಂಡೆ

ರಾತ್ರಿ ಪಾಳಿಯವರೇ, ನಿಮ್ಮ ಮಾತು ಓದಿ ಮೊದಲು ಸಿಟ್ಟು ಬಂತು. ಮೊಬೈಲ್ ಕೆಳಗಿಟ್ಟು ಹೊರಗೆ ಹೋದೆ. ಮತ್ತೆ ಬಂದು ಓದಿದೆ. ನಾಲ್ಕು ತಿಂಗಳಲ್ಲಿ ನಮಗೆ ಸಿಕ್ಕ ಮೊದಲ ನಿಜವಾದ ಉತ್ತರ ಇದು.

ಡಾಕ್ಟರೇ, ಔಷಧಿ ಪುಟ ನೋಡಿದೆ. 1:45ಕ್ಕೆ ಡ್ರಿಪ್‌ನಲ್ಲಿ ‘ಆಕ್ಸಿಟೋಸಿನ್ 5 ಯೂನಿಟ್’ ಎಂದಿದೆ. ಯಾರು ಹೇಳಿದರು ಎಂಬ ಜಾಗದಲ್ಲಿ ಸಹಿ ಇಲ್ಲ. ಅದು ಏನು?

ತಾಲ್ಲೂಕು ಡಾಕ್ಟರು

ನೋವು ಹೆಚ್ಚಿಸುವ ಔಷಧಿ. ಬೇಕಾದಲ್ಲಿ ಕೊಡುವುದು ತಪ್ಪಲ್ಲ. ಆದರೆ ಕೊಟ್ಟ ಮೇಲೆ ತಾಯಿಯ ಪಕ್ಕ ಬಿಟ್ಟು ಏಳಬಾರದು. ಗರ್ಭಕೋಶ ಹಿಂಡಿದಾಗಲೆಲ್ಲ ಮಗುವಿಗೆ ಹೋಗುವ ರಕ್ತ ತಗ್ಗುತ್ತದೆ, ನಡುವೆ ಬಿಡುವು ಸಿಕ್ಕರೆ ಮಗು ಸುಧಾರಿಸಿಕೊಳ್ಳುತ್ತದೆ. ಔಷಧಿ ಹೆಚ್ಚಾದರೆ ಆ ಬಿಡುವೇ ಇರುವುದಿಲ್ಲ. ಅದಕ್ಕೇ ಹನಿ ಎಣಿಸಬೇಕು, ಹತ್ತು ನಿಮಿಷಕ್ಕೆ ಎಷ್ಟು ನೋವು ಬಂತೆಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಬೇಕು, ಎದೆಬಡಿತವನ್ನು ಕಾಲು ಗಂಟೆಗೊಮ್ಮೆ ಕೇಳಬೇಕು.

ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಕುಳಿತು ತೀರ್ಪು ಕೊಡುವುದು ನಿಮ್ಮ ತಂಗಿಗೂ ಅನ್ಯಾಯ, ಅಲ್ಲಿದ್ದವರಿಗೂ ಅನ್ಯಾಯ. ಆದರೆ ಪರಿಶೀಲನೆ ಮಾಡುವವರು ಕೇಳಬೇಕಾದ ಪ್ರಶ್ನೆ ಈಗ ನಿಮ್ಮ ಕೈಯಲ್ಲಿದೆ: ಔಷಧಿ ಯಾರು ಹೇಳಿದರು, ಹನಿ ಎಷ್ಟಿತ್ತು, ಪಕ್ಕದಲ್ಲಿ ಯಾರಿದ್ದರು?

ಮದ್ದಿನಂಗಡಿ

ಈ ಔಷಧಿ ಎಲ್ಲೆಂದರಲ್ಲಿ ಸಿಗುತ್ತದೆ, ಹಸುವಿಗೆ ಹಾಲು ಇಳಿಸಲೂ ಚುಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರು ಇದನ್ನು ತಯಾರಿಸುವುದನ್ನೇ ನಿಲ್ಲಿಸಿ, ನಮ್ಮ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಒಂದಕ್ಕೇ ಬಿಡಲು ಹೊರಟಿತ್ತು. ಆ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ನಿಷೇಧಿಸಿದ್ದರೆ ಒಳ್ಳೆಯದಾಗುತ್ತಿತ್ತು.

ರಾತ್ರಿ ಪಾಳಿ

ಬೇಡ, ಹಾಗೆ ಹೇಳಬೇಡಿ. ಹೆರಿಗೆಯಾದ ಕೂಡಲೇ ರಕ್ತ ನಿಲ್ಲಲು ಕೊಡುವುದೂ ಇದನ್ನೇ. ಇದು ಇಲ್ಲದಿದ್ದರೆ ತಾಯಂದಿರು ಸಾಯುತ್ತಾರೆ. ಯಾವಾಗ ಮತ್ತು ಹೇಗೆ ಎಂಬುದೇ ಎಲ್ಲ.

ಪುಟ್ಟ ಹಳ್ಳಿ

ರಕ್ತಸಂಬಂಧದಲ್ಲಿ ಮದುವೆಯಾಗಿದ್ದಾರೆಯೇ? ನಮ್ಮ ಕಡೆ ಸೋದರಮಾವನಿಗೆ ಕೊಟ್ಟವರಲ್ಲಿ ಹೀಗೆ ಆಗುವುದು ಹೆಚ್ಚು.

ಹೇಮೆಯ ದಂಡೆ

ಇಲ್ಲ. ಆಸ್ಪತ್ರೆಯಲ್ಲಿ, ಊರಿನಲ್ಲಿ, ಈಗ ಇಲ್ಲಿ, ಎಲ್ಲ ಕಡೆಯೂ ಮೊದಲು ಬರುವ ಪ್ರಶ್ನೆ ನಮ್ಮ ಕಡೆಯ ತಪ್ಪಿನದೇ. ಪಪ್ಪಾಯಿ ತಿಂದಳೇ, ಗ್ರಹಣದಲ್ಲಿ ಹೊರಗೆ ಬಂದಳೇ, ತಡವಾಗಿ ಕರೆತಂದಿರೇ?

ಪುಟ್ಟ ಹಳ್ಳಿ

ನೋಯಿಸುವ ಉದ್ದೇಶ ಇರಲಿಲ್ಲ. ತಪ್ಪಾಯಿತು.

ಹದಿನೈದು ಮನೆಯ ಆಶಾ

ಫಾರಂ ಹಿಡಿದು ಹೋಗುವವರಲ್ಲಿ ನಾನೂ ಒಬ್ಬಳು, ಹಾಗಾಗಿ ನನ್ನ ಮಾತನ್ನೂ ಕೇಳಿ. ಸಾವಿನ ಮನೆಗೆ ಸೂತಕದ ನಡುವೆ ಕಾಲಿಡುವುದು ಸುಲಭವಲ್ಲ. ಬಾಗಿಲಲ್ಲೇ ನಿಲ್ಲಿಸಿದ್ದಾರೆ, ‘ಮಗು ಇದ್ದಾಗ ಬರಲಿಲ್ಲ, ಹೋದ ಮೇಲೆ ಬರೆದುಕೊಳ್ಳಲು ಬಂದೆಯಾ’ ಎಂದು ಬೈದಿದ್ದಾರೆ. ಅವರು ಹೇಳುವುದರಲ್ಲಿ ನ್ಯಾಯವೂ ಇರುತ್ತದೆ.

ತವರು ಮನೆಯದು ದೊಡ್ಡ ತೊಡಕು. ತಾಯಿ ಕಾರ್ಡ್ ಆಗಿರುವುದು ಗಂಡನ ಊರಿನಲ್ಲಿ, ಕೊನೆಯ ಎರಡು ತಿಂಗಳ ತಪಾಸಣೆ ತವರಿನಲ್ಲಿ, ಹೆರಿಗೆ ಜಿಲ್ಲಾ ಕೇಂದ್ರದಲ್ಲಿ. ಮಗು ಹೋದರೆ ಯಾವ ಆರೋಗ್ಯ ಕೇಂದ್ರದ ಲೆಕ್ಕಕ್ಕೆ? ಇಬ್ಬರೂ ‘ನಮ್ಮದಲ್ಲ’ ಎನ್ನುತ್ತಾರೆ. ಕೊನೆಗೆ ಕಾರ್ಡ್ ಎಲ್ಲಿದೆಯೋ ಅಲ್ಲಿಯ ಆಶಾ ಹೋಗಬೇಕು, ಅವಳಿಗೆ ಆ ಹೆಣ್ಣುಮಗಳ ಮುಖವೂ ಸರಿಯಾಗಿ ನೆನಪಿರುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿ ಮನೆಮನೆಯ ಪದ್ಧತಿ. ಫಾರಂ ಮಾಡಿದವರಿಗೆ ಇದು ಹೊಳೆಯಲೇ ಇಲ್ಲವೇ ಎಂದು ನನಗೆ ಆಶ್ಚರ್ಯ.

ಹಾಳೆ ಕೊಟ್ಟ ಮೇಲೆ ಏನಾಯಿತೆಂದು ನನಗೆ ಇಂದಿಗೂ ಯಾರೂ ತಿರುಗಿ ಹೇಳಿಲ್ಲ. ಒಂದೇ ಒಂದು ಹಾಳೆಗೂ ಉತ್ತರ ಬಂದಿಲ್ಲ.

ಲೆಕ್ಕದ ಮೇಷ್ಟ್ರು

ಸಂಖ್ಯೆಯ ಕಡೆಯಿಂದ ಒಂದು ಮಾತು. 2020ರ ಮಾದರಿ ನೋಂದಣಿ ಸಮೀಕ್ಷೆ ಪ್ರಕಾರ ದೇಶದಲ್ಲಿ ಸಾವಿರ ಜೀವಂತ ಜನನಕ್ಕೆ 20 ಶಿಶುಗಳು ಮೊದಲ 28 ದಿನದೊಳಗೆ ತೀರಿಕೊಂಡಿದ್ದವು. ಇದನ್ನೂ, ನಿರ್ಜೀವ ಜನನದ ಪ್ರಮಾಣವನ್ನೂ 2030ರೊಳಗೆ ಒಂದಂಕಿಗೆ ಇಳಿಸಬೇಕೆಂದು 2014ರ ಭಾರತ ನವಜಾತ ಶಿಶು ಕ್ರಿಯಾ ಯೋಜನೆ ಗುರಿ ಹಾಕಿಕೊಂಡಿದೆ.

ಆದರೆ ಎಣಿಕೆಯಲ್ಲೇ ಒಂದು ಸೋರಿಕೆ ಇದೆ. ಹುಟ್ಟಿ ಎರಡು ಬಾರಿ ಉಸಿರೆಳೆದು ಹೋದ ಮಗುವನ್ನು ‘ಸತ್ತೇ ಹುಟ್ಟಿತು’ ಎಂದು ಬರೆದರೆ ಶಿಶು ಮರಣದ ಲೆಕ್ಕ ಇಳಿಯುತ್ತದೆ. ಹೆರಿಗೆಯ ವೇಳೆ ಹೋದ ಮಗುವನ್ನು ‘ಮೊದಲೇ ಹೋಗಿತ್ತು’ ಎಂದು ಬರೆದರೆ ಹೆರಿಗೆ ಕೋಣೆಯ ಹೊಣೆ ಇಳಿಯುತ್ತದೆ. ವಿಶ್ವಸಂಸ್ಥೆಯ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯಂತೆ ಜಗತ್ತಿನ ನಿರ್ಜೀವ ಜನನಗಳಲ್ಲಿ ಶೇ 40ಕ್ಕೂ ಹೆಚ್ಚು ಆಗುವುದು ಹೆರಿಗೆ ನೋವಿನ ಹೊತ್ತಿನಲ್ಲಿ. ಅಂದರೆ ತಾಯಿ ಯಾರದೋ ಕಣ್ಣೆದುರು ಇರಬೇಕಾದ ಹೊತ್ತಿನಲ್ಲಿ.

ತಾಲ್ಲೂಕು ಡಾಕ್ಟರು

ಮೇಷ್ಟ್ರು ಹೇಳಿದ್ದು ನಿಜ. ನೋಡಿದರೇ ತಿಳಿಯುತ್ತದೆ. ಗರ್ಭದಲ್ಲೇ ಬಹಳ ಹೊತ್ತು ಮೊದಲು ಹೋಗಿದ್ದರೆ ಮಗುವಿನ ಚರ್ಮ ಸುಲಿದಿರುತ್ತದೆ. ಚರ್ಮ ಗಟ್ಟಿಯಾಗಿದ್ದರೆ ಹೋಗಿ ಹೆಚ್ಚು ಹೊತ್ತಾಗಿಲ್ಲ. ನಿಮ್ಮ ತಂಗಿಯ ಪತ್ರದಲ್ಲಿ ‘ಫ್ರೆಶ್’ ಎಂಬ ಪದ ಇದೆಯೇ ನೋಡಿ.

ಹೇಮೆಯ ದಂಡೆ

ಇದೆ. ಅದರ ಅರ್ಥ ಇದು ಎಂದು ಇಂದು ತಿಳಿಯಿತು.

ತೇಮ್ಸ್ ತೀರದ ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ಸೂಲಗಿತ್ತಿಯಾಗಿ ಕೆಲಸ ಮಾಡುತ್ತೇನೆ, ಊರು ಚಿಕ್ಕಮಗಳೂರು ಕಡೆ. ಇಲ್ಲಿ 2018ರಿಂದ ಎಲ್ಲ ಆಸ್ಪತ್ರೆಗಳೂ ಬಳಸುವ ಒಂದು ಪರಿಶೀಲನಾ ನಮೂನೆ ಇದೆ. ಮಗು ಹೋದ ಮೇಲೆ ತಂದೆತಾಯಿಗೆ ಮೊದಲೇ ಹೇಳುತ್ತೇವೆ: ಪರಿಶೀಲನೆ ನಡೆಯುತ್ತದೆ, ನಿಮ್ಮ ಪ್ರಶ್ನೆಗಳೇನು, ನಿಮಗೆ ಏನು ಸರಿಯೆನಿಸಲಿಲ್ಲ? ಆ ಪ್ರಶ್ನೆಗಳನ್ನು ಸಭೆಯ ಮುಂದಿಡಬೇಕು. ದಿನ ತುಂಬಿದ ಮಗು ಹೆರಿಗೆಯ ಹೊತ್ತಿನಲ್ಲಿ ಹೋದರೆ, ಅಂದರೆ ನಿಮ್ಮ ತಂಗಿಯಂತಹ ಪ್ರಕರಣದಲ್ಲಿ, ಆಸ್ಪತ್ರೆಗೆ ಸಂಬಂಧವಿಲ್ಲದ ರಾಷ್ಟ್ರೀಯ ತಂಡ ಬಂದು ತನಿಖೆ ಮಾಡುತ್ತದೆ.

ಸತ್ಯ ತಾನಾಗಿ ಹೊರಗೆ ಬರುವುದಿಲ್ಲ. ಶ್ರೂಸ್‌ಬರಿ ಕಡೆಯ ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳನ್ನು ಕಳೆದುಕೊಂಡ ಎರಡು ಕುಟುಂಬಗಳು ಹಟ ಹಿಡಿದವು. 23 ಪ್ರಕರಣಗಳಿಂದ ಆರಂಭವಾದ ತನಿಖೆ 1,486 ಕುಟುಂಬಗಳ ತನಕ ಬೆಳೆಯಿತು. ಡೋನಾ ಒಕೆಂಡೆನ್ ಎಂಬ ಹಿರಿಯ ಸೂಲಗಿತ್ತಿ 2022ರ ಮಾರ್ಚಿನಲ್ಲಿ ಕೊಟ್ಟ ವರದಿ, ಸರಿಯಾದ ಆರೈಕೆ ಸಿಕ್ಕಿದ್ದರೆ 201 ಮಕ್ಕಳು ಬದುಕುವ ಸಾಧ್ಯತೆ ಇತ್ತು ಎಂದಿತು. ಅಲ್ಲೂ ಎದೆಬಡಿತವನ್ನು ಸರಿಯಾಗಿ ಗಮನಿಸದೇ ಹೋದದ್ದು ಮತ್ತೆ ಮತ್ತೆ ಕಂಡಿತು, ತಾಯಂದಿರ ಮಾತನ್ನು ಕೇಳದೇ ಹೋದದ್ದೂ ಕಂಡಿತು.

ನೇರ ಮಾತು

ಇಂಗ್ಲೆಂಡಿನ ಮಾತು ಇಲ್ಲಿ ಏಕೆ? ಅಲ್ಲಿ ಒಬ್ಬ ತಾಯಿಗೆ ಒಬ್ಬ ಸೂಲಗಿತ್ತಿ. ಇಲ್ಲಿ ಹಾಸಿಗೆಗೇ ಜಗಳ.

ಬೆಣ್ಣೆ ದೋಸೆ ಊರು

ಹಾಗಾದರೆ ದಾವಣಗೆರೆಯ ಮಾತು ಕೇಳಿ. ನಿರ್ಜೀವವಾಗಿ ಹುಟ್ಟಿದ ಮತ್ತು ದಿನ ತುಂಬದೆ ಹುಟ್ಟಿ ತೀರಿಕೊಂಡ ಮಕ್ಕಳ ಸಾವಿನ ಕಾರಣ ಹುಡುಕುವ ದೊಡ್ಡ ಅಧ್ಯಯನ ನಮ್ಮೂರಿನಲ್ಲೂ ಪಾಕಿಸ್ತಾನದ ಕರಾಚಿಯಲ್ಲೂ ಒಟ್ಟಿಗೆ ನಡೆಯಿತು. ಮಗುವಿನ ದೇಹ ಕೊಯ್ಯದೆ ಸೂಜಿಯಿಂದ ಅಂಗಾಂಶದ ಚೂರು ತೆಗೆದು, ಮಾಸನ್ನೂ ಪರೀಕ್ಷಿಸಿ ನೋಡಿದರು. ನಿರ್ಜೀವ ಜನನಗಳಲ್ಲಿ ಎರಡೂ ಕಡೆ ಮೊದಲ ಸ್ಥಾನದಲ್ಲಿದ್ದ ಕಾರಣ ಒಂದೇ, ಗರ್ಭದಲ್ಲಿ ಆಮ್ಲಜನಕದ ಕೊರತೆ. ‘ನಮ್ಮ ಜನ ಒಪ್ಪುವುದಿಲ್ಲ’ ಎಂದು ಹೇಳುವವರಿಗೆ ಇದನ್ನೂ ಹೇಳಬೇಕು: ಎಷ್ಟೋ ತಂದೆತಾಯಂದಿರು ಒಪ್ಪಿಗೆ ಕೊಟ್ಟದ್ದರಿಂದಲೇ ಅದು ಸಾಧ್ಯವಾಯಿತು.

ಮೂರನೆಯ ದಿನ

ನನ್ನನ್ನು ಕೇಳಿದ್ದರೆ ನಾನೂ ಕೊಡುತ್ತಿದ್ದೆ.

ಕಾಫಿ ಕಣ

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಾಜ್ಯವೇ ಎದ್ದು ಕುಳಿತಿತು, ದ್ರಾವಣದ ಬಾಟಲಿಗಳ ತನಿಖೆಯಾಯಿತು. ಆಗಬೇಕಾದ್ದೇ. ಮಕ್ಕಳು ಒಂದೊಂದಾಗಿ, ಬೇರೆ ಬೇರೆ ಊರಿನಲ್ಲಿ ಹೋಗುತ್ತವೆ, ಹಾಗಾಗಿ ಸುದ್ದಿಯಾಗುವುದಿಲ್ಲ.

ತಾಲ್ಲೂಕು ಡಾಕ್ಟರು

‘ವ್ಯವಸ್ಥೆಯ ಮುಖ ಎಲ್ಲಿ’ ಎಂದು ನೇರ ಮಾತು ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಡಬೇಕು. ನಾನು ಹಿಂದೆ ಇದ್ದ ಆಸ್ಪತ್ರೆಯಲ್ಲಿ ಒಂದು ಭಾನುವಾರ ಆ ವರ್ಷ ಹೋದ ಮಕ್ಕಳ ಕೇಸ್ ಶೀಟುಗಳನ್ನು ಊಟದ ಮೇಜಿನ ಮೇಲೆ ಹರಡಿದೆವು. ಹೆಸರು, ಸಹಿ ಎಲ್ಲದರ ಮೇಲೆ ಕಾಗದ ಅಂಟಿಸಿದೆವು. ಯಾರು ಎಂದು ಕೇಳಬಾರದು, ಎಷ್ಟು ಹೊತ್ತಿಗೆ ಮತ್ತು ಏಕೆ ಎಂದು ಮಾತ್ರ ಕೇಳಬೇಕು ಎಂಬ ಕಟ್ಟಳೆ. ಹೆಚ್ಚಿನವು ನಡುರಾತ್ರಿಯಿಂದ ಬೆಳಗಿನ ಜಾವದ ನಡುವೆ. ಏಕೆ ಎಂದು ಕೆದಕುತ್ತಾ ಹೋದಾಗ ಒಬ್ಬ ಆಯಾ ಬಾಯಿಬಿಟ್ಟರು: ‘ಡಾಪ್ಲರ್ ಸಂಜೆ ಐದಕ್ಕೆ ಹೊರರೋಗಿ ವಿಭಾಗದ ಬೀರುವಿಗೆ ಹೋಗುತ್ತದೆ, ಬೀಗದ ಕೈ ಸ್ಟೋರಿನವರ ಮನೆಯಲ್ಲಿ.’ ಕಳೆದುಹೋದರೆ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಭಯಕ್ಕೆ ಯಾರೋ ಯಾವಾಗಲೋ ಮಾಡಿದ ಏರ್ಪಾಡು. ವೈದ್ಯರಾದ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮರುದಿನವೇ ಅದನ್ನು ಹೆರಿಗೆ ಕೋಣೆಯ ಗೋಡೆಗೆ ದಾರ ಕಟ್ಟಿ ತೂಗುಹಾಕಿದೆವು. ಪೊಲೀಸ್ ದೂರಿನಿಂದ ಆ ಬೀರುವಿನ ಸುದ್ದಿ ಹೊರಗೆ ಬರುತ್ತಿತ್ತೇ? ಆಯಾ ಬಾಯಿ ಬಿಡುತ್ತಿದ್ದರೇ?

ಆದರೆ ಬೇಕೆಂದೇ ಬಿಟ್ಟುಹೋದವರನ್ನು ಇದರ ಮರೆಯಲ್ಲಿ ಬಚ್ಚಿಡಬಾರದು. ಅಲ್ಲಿ ನಿಮ್ಮ ಸಿಟ್ಟಿನ ಜೊತೆ ನಾನಿದ್ದೇನೆ.

ನೇರ ಮಾತು

ಬೀರುವಿನ ಮಾತು ಒಪ್ಪಿದೆ. ಆದರೆ ಅಂತಹ ಭಾನುವಾರ ಪ್ರತಿ ಆಸ್ಪತ್ರೆಯಲ್ಲೂ ಬರುವುದಿಲ್ಲ. ನಿಮ್ಮಂತಹ ಒಬ್ಬರು ವರ್ಗವಾಗಿ ಹೋದ ಮರುದಿನ ಅದು ಮತ್ತೆ ಬೀರುವಿಗೆ ಹೋಗುತ್ತದೆ.

ತಾಲ್ಲೂಕು ಡಾಕ್ಟರು

ಹೋಗಿದೆ ಎಂದು ಕೇಳಿದ್ದೇನೆ. ಅದೇ ನನ್ನ ಸಂಕಟ.

ಕಾಯ್ದೆ ಪುಟ

ಕೆಲಸಕ್ಕೆ ಬರುವ ನಾಲ್ಕು ಮಾತು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳಂತೆ ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಡಿಯೂ ಕೇಳಬಹುದು. 1969ರ ಕಾಯ್ದೆಯಂತೆ ನಿರ್ಜೀವ ಜನನವನ್ನೂ ನೋಂದಾಯಿಸಬೇಕು, ಮಾಡಿಸದಿದ್ದರೆ ಈಗಲಾದರೂ ಮಾಡಿಸಿ. ತಂಗಿ ಉದ್ಯೋಗದಲ್ಲಿದ್ದಾರೆಯೇ? 1961ರ ಹೆರಿಗೆ ಸೌಲಭ್ಯ ಕಾಯ್ದೆ (2025ರ ನವೆಂಬರಿನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ) ‘ಮಗು’ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯಾನದಲ್ಲೇ ಸತ್ತು ಹುಟ್ಟಿದ ಮಗುವೂ ಸೇರಿತ್ತು. ‘ಮಗು ಇಲ್ಲವಲ್ಲ, ಕೆಲಸಕ್ಕೆ ಬಾ’ ಎನ್ನುವ ಹಕ್ಕು ಯಾರಿಗೂ ಇಲ್ಲ.

ಹೇಮೆಯ ದಂಡೆ

ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ನೀವು ಹೇಳಿದ ಅದೇ ಮಾತು ಹೇಳಿ ಹದಿನೈದನೇ ದಿನಕ್ಕೆ ಕರೆಸಿಕೊಂಡಿದ್ದಾರೆ. ಕಾಯ್ದೆಯ ಸಾಲು ತೋರಿಸುತ್ತೇವೆ.

ಹದಿನೈದು ಮನೆಯ ಆಶಾ

ಜಿಲ್ಲಾ ಆರೋಗ್ಯಾಧಿಕಾರಿಗೆ ಪತ್ರ ಬರೆಯಿರಿ. ತಾಯಿ ಕಾರ್ಡ್ ಸಂಖ್ಯೆ, ಒಳರೋಗಿ ಸಂಖ್ಯೆ, ಎರಡೂ ಊರಿನ ಆರೋಗ್ಯ ಕೇಂದ್ರದ ಹೆಸರು ಹಾಕಿ. ‘ಹೆತ್ತವಳು ತವರಿನಲ್ಲಿದ್ದಾಳೆ, ಅವಳ ಹೇಳಿಕೆ ಪಡೆಯಿರಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಹೇಮೆಯ ದಂಡೆ (ಹದಿನೆಂಟು ದಿನಗಳ ನಂತರ)

ಪತ್ರ ಕೊಟ್ಟೆವು, ಮುದ್ರೆ ಹಾಕಿಸಿಕೊಂಡೆವು. ಮೊದಲ ವಾರ ಏನೂ ಇಲ್ಲ. ನಿನ್ನೆ ಫೋನ್ ಬಂತು. ಮುಂದಿನ ಗುರುವಾರದ ಸಭೆಗೆ ತಂಗಿಯನ್ನು ಕರೆದಿದ್ದಾರೆ. ಅವಳು ರಾತ್ರಿಯಿಡೀ ಮಲಗಲಿಲ್ಲ, ಬೆಳಿಗ್ಗೆ ‘ಬರುತ್ತೇನೆ’ ಎಂದಳು.

ರಾತ್ರಿ ಪಾಳಿ

ನೀವೂ ಜೊತೆಗೆ ಹೋಗಿ, ಒಳಗೆ ಒಬ್ಬಳನ್ನೇ ಬಿಡಬೇಡಿ. ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ, ಅಷ್ಟು ಜನರ ಮುಂದೆ ಕುಳಿತಾಗ ಮರೆತುಹೋಗುತ್ತದೆ. ಅಂದು ರಾತ್ರಿ ಎಷ್ಟು ಜನ ತಾಯಂದಿರಿದ್ದರು, ಎಷ್ಟು ಜನ ಸಿಬ್ಬಂದಿ ಇದ್ದರು ಎಂದು ನೀವೇ ಕೇಳಿ. ಆ ಸಿಸ್ಟರ್ ಬಾಯಿಂದ ಅದು ಬರಲಾರದು.

ಹೇಮೆಯ ದಂಡೆ

ಕೇಳುತ್ತೇನೆ. ಚೀಟಿ ಬರೆದಿದ್ದಾಳೆ, ಅವಳ ಶಾಲೆಯ ಎರಡು ಗೆರೆ ಪುಸ್ತಕದ ಹಾಳೆಯಲ್ಲಿ. ಮೊದಲ ಸಾಲು: ‘1:30ಕ್ಕೆ ನನ್ನ ಮಗಳ ಎದೆಬಡಿತ ನಾನೇ ಕೇಳಿದೆ.’